ಎರಡು ಲಾಟಿನ ರ‍್ಯಾಮ್

ಮಾವನವರಿಗೆ,

ಮೊದಲು ‘ಪೂಜ್ಯ’ ಎಂದು ಬರೆಯಬೇಕಿತ್ತು, ಕೈ ಬರಲಿಲ್ಲ. ನೀವು ಹೋಗಿ ಎಂಟು ತಿಂಗಳಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿರುವವಳ ಬಗ್ಗೆ ನೀವು ಆಡಿ ಹೋದದ್ದನ್ನು ಏನು ಮಾಡೋಣ?

ಮದುವೆಯಾಗಿ ದೊಡ್ಡಬಳ್ಳಾಪುರದ ನಿಮ್ಮ ಮಗ್ಗದ ಮನೆಗೆ ಬಂದ ಹೊಸತರಲ್ಲಿ, ನೀವು ಬಾಗಿಲ ಬಿಸಿಲಿಗೆ ಎರಡು ನೂಲಿನ ಲಡಿ ಹಿಡಿದು ನನ್ನನ್ನು ಕರೆದಿರಿ. “ನೋಡಮ್ಮಾ, ಎರಡೂ ಕೆಂಪೇ. ಆದ್ರೆ ಬಣ್ಣ ಹಾಕಿದ ಲಾಟು ಬೇರೆ. ಒಂದೇ ಹಾಸಲ್ಲಿ ಸೇರಿಸಿದ್ರೆ ಸೀರೆ ತುಂಬಾ ಪಟ್ಟೆ ಬೀಳ್ತದೆ.” ಆ ಪಾಠ ಹೇಳಿಕೊಟ್ಟವರು ನೀವೇ. ನನ್ನ ಸಿಟ್ಟು ಇನ್ನೂ ಆರದಿರುವುದು ಅದಕ್ಕೇ.

ನಾನು ಸೀರೆಯಂಚು ಬರೆಯುತ್ತಿದ್ದ ಹಳೆಯ ಕಂಪ್ಯೂಟರ್ ತೀರಾ ನಿಧಾನವಾದಾಗ, ಅದರ ನೆನಪಿನ ಜಾಗ ಹೆಚ್ಚಿಸುವ ಪಟ್ಟಿ, ಇನ್ನೊಂದು ರ‍್ಯಾಮ್ ತರಲು ನೀವೇ ಬೆಂಗಳೂರಿಗೆ ಹೊರಟಿರಿ. ಮೊದಲಿರುವುದರ ಜೋಡಿಯದೇ ಬೇಕು ಎಂದು ಚೀಟಿ ಬರೆದು ಕೊಟ್ಟಿದ್ದೆ. ಆ ಚೀಟಿ ನಿಮ್ಮ ಅಂಗಿ ಒಗೆಯುವಾಗ ಮಡಚಿದ ಹಾಗೇ ಜೇಬಿನಲ್ಲಿ ಸಿಕ್ಕಿತು. ನೀವು ತಂದದ್ದು ಬಾಚಣಿಗೆಯಷ್ಟು ಉದ್ದದ ಇನ್ಯಾವುದೋ ಹಸಿರು ಪಟ್ಟಿ. “ಅಷ್ಟೇ ಉದ್ದ, ಅಷ್ಟೇ ಹಸಿರು. ಕೂತ್ಕೊಳ್ತಲ್ಲಮ್ಮಾ, ಇನ್ನೇನು?” ಅಂದಿರಿ. ನೂಲಿಗೆ ಲಾಟು ನೋಡುವ ನೀವು ಇದಕ್ಕೆ ಯಾಕೆ...

ಗಿಳಿಯಂಚಿನ ಸೀರೆ ಮರೆತಿರಲಾರಿರಿ. ನಾನು ಬರೆದು ಮುಗಿಸಿದಾಗ ಪ್ರತಿ ಗಿಳಿಗೂ ಕೊಕ್ಕಿತ್ತು. ಕಂಪ್ಯೂಟರಿನಿಂದ ಮಗ್ಗಕ್ಕೆ ಹೋಗುವಷ್ಟರಲ್ಲಿ ನಾಲ್ಕಕ್ಕೊಂದು ಗಿಳಿಗೆ ಅದು ಇರಲಿಲ್ಲ. ಗಮನಕ್ಕೆ ಬರುವ ಹೊತ್ತಿಗೆ ಆರು ಸೀರೆ ನೇಯ್ದಾಗಿತ್ತು. “ಕೊಕ್ಕಿಲ್ಲದ ಗಿಳೀನ ಯಾವೂರಲ್ಲಿ ನೋಡಿದ್ಯಮ್ಮಾ?” ಎಂದು ನೇಕಾರರೆಲ್ಲರ ಎದುರು ಕೇಳಿದಿರಿ. ಎಲ್ಲರೂ ನಕ್ಕರು. ಜೋಡಿಯಲ್ಲದ ರ‍್ಯಾಮಿನ ತೊಂದರೆ ಇರಬೇಕು ಎಂದೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದಿರಿ. ಮತ್ತೆ ನಕ್ಕರು.

ಮಾರನೆಯ ದಿನದಿಂದ ಕಂಪ್ಯೂಟರಿನ ಮುಂದಿನ ಕುರ್ಚಿ ನನ್ನದಲ್ಲ. ಡಿಸೈನು ಹೊರಗಿನಿಂದ ಬರತೊಡಗಿತು. ಕತ್ತರಿ ಹಿಡಿದು ಸೀರೆಯ ಹಿಂಬದಿಯ ಜೋತುಬಿದ್ದ ಎಳೆ ಕತ್ತರಿಸುವ ಕೆಲಸ ನನಗೆ ಬಂತು. ಎರಡು ವರ್ಷ, ಮಾವ. ಮಗ್ಗದ ಸದ್ದಿನ ನಡುವೆಯೂ ‘ಕೊಕ್ಕಿಲ್ಲದ ಗಿಳಿ ಬಂತು’ ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ನಿಮಗೂ ಬೀಳುತ್ತಿತ್ತಲ್ಲವೇ?

ಹೋದ ತಿಂಗಳು ನಾನೇ ರಿಪೇರಿಯವರನ್ನು ಕರೆಸಿದೆ. ಅರ್ಧ ದಿನ ಕೂತು ಪರೀಕ್ಷೆ ಮಾಡಿದರು. “ಒಂದೊಂದೇ ಹಾಕಿದ್ರೆ ಎರಡೂ ಚೆನ್ನಾಗವೆ ಅಕ್ಕ. ಒಟ್ಟಿಗೆ ಹಾಕಿದ್ರೆ ಬರೆದದ್ದು ಕೆಡ್ತದೆ. ಜೋಡಿ ಅಲ್ಲ ಇವು,” ಅಂದರು. ನಿಮ್ಮ ಮಗ ಪಕ್ಕದಲ್ಲೇ ನಿಂತು, “ನೀನೂ ಅಪ್ಪನೂ ಇದ್ದಂಗೆ,” ಎಂದು ನಕ್ಕರು. ನನಗೆ ನಗು ಬರಲಿಲ್ಲ. ನೀವಿದ್ದಾಗ ಒಂದೇ ಒಂದು ಸಲ ಕಂಪ್ಯೂಟರಿನ ಆ ಡಬ್ಬಿ ಬಿಚ್ಚಿಸಿದ್ದರೆ...

ನೀವು ತಂದದ್ದನ್ನು ಕಿತ್ತು ತೆಗೆಸಿದೆ. ಈಗ ಆ ಕುರ್ಚಿಯಲ್ಲಿ ನಾನಿದ್ದೇನೆ. ಕಂಪ್ಯೂಟರ್ ನಿಧಾನವೇ, ಆದರೆ ಗಿಳಿಯಂಚು ಮತ್ತೆ ಮಗ್ಗಕ್ಕೆ ಹೋಗಿದೆ, ಒಂದು ಕೊಕ್ಕೂ ತಪ್ಪಿಲ್ಲ. ಇಷ್ಟಾಯಿತೆಂದು ನಿಮ್ಮನ್ನು ಕ್ಷಮಿಸಿದ್ದೇನೆ ಅಂದುಕೊಳ್ಳಬೇಡಿ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಿಮ್ಮ ಎಡೆಗೆ ವಡೆ, ಕಾಫಿ, ಹೊಸ ಪಂಚೆ, ನಿಮ್ಮ ಬೀಡಿ ಕಟ್ಟು, ಯಾವುದಕ್ಕೂ ಕಡಿಮೆ ಮಾಡುವುದಿಲ್ಲ. ಬೀಡಿಯ ಪಕ್ಕದಲ್ಲಿ ಆ ಹಸಿರು ಪಟ್ಟಿಯನ್ನೂ ಇಡುತ್ತೇನೆ. ಅವತ್ತು ನಕ್ಕ ನೇಕಾರರೆಲ್ಲ ಊಟಕ್ಕೆ ಬರುತ್ತಾರೆ. “ಇದೇನಕ್ಕಾ, ಎಡೇಲಿ?” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಹೇಳುತ್ತೇನೆ.

ನಿಮ್ಮ ಸೊಸೆ