ರಜಾದಿನದ ಜಲಪಾತ

ಹೊಳೆಯ ಈಚೆ ದಡ
ಸೋಮವಾರ, ಬೆಳಗಿನ ಹನ್ನೊಂದು ಗಂಟೆ

ನೀರುಗಂಟಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರ ಅಂತ ನಿನಗೆ ಗೊತ್ತಾಗಿರುತ್ತದೆ. ಹರಿಯುವುದಿದ್ದರೆ ಕೊನೆಯವರೆಗೆ ಓದಿ ಆಮೇಲೆ ಹರಿ. ಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ, ಅದಕ್ಕೆ ಅಂಚೆಚೀಟಿ ಅಂಟಿಸಿದವನನ್ನು ಕಂಡು ಅಂಚೆಯವನೇ ನಕ್ಕಿರಬೇಕು. ಏನು ಮಾಡಲಿ, ಎರಡು ಸಲ ಸೇತುವೆಯ ನಡುಮಧ್ಯದವರೆಗೆ ಬಂದು ವಾಪಸು ಹೋದೆ. ಕಾಲು ಒಪ್ಪಲಿಲ್ಲ, ಕೈ ಒಪ್ಪಿತು. ಹೋಪಿಂಗ್ ದಿಸ್ ಫೈಂಡ್ಸ್ ಯು ಇನ್ ಗುಡ್ ಹೆಲ್ತ್ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು, ಅದರ ಮುಂದಿನ ಸಾಲು ಮರೆತಿದೆ.

ನಾನು ಮಾತಾಡುತ್ತಾ ದಾರಿ ತಪ್ಪುವವನು, ಆದ್ದರಿಂದ ವಿಷಯ ಮೊದಲೇ ಹೇಳುತ್ತೇನೆ. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ನೀನು ನಮ್ಮ ಹಳೇ ಗಿರಣಿಗೆ ಬರಬೇಕು. ಬರುತ್ತೀಯೋ ಇಲ್ಲವೋ ಅನ್ನುವುದು ಬಿಟ್ಟರೆ ಸದ್ಯಕ್ಕೆ ನನ್ನ ತಲೆಯಲ್ಲಿ ಇನ್ನೇನೂ ಇಲ್ಲ.

ನನ್ನವಳು, ನಿನ್ನ ಅತ್ತಿಗೆ, ತೀರಿಹೋದ ಮೇಲೆ ಎರಡು ವರ್ಷ ನಾನು ಮನೆ ಬಿಟ್ಟು ಕದಲಿರಲಿಲ್ಲ. ಹೀಗೇ ಕೂತರೆ ಬೂಷ್ಟು ಹಿಡಿಯುತ್ತೀಯ ಅಂತ ಮಗಳು ಬೈದು, ಒಂದು ಕ್ಯಾಮೆರಾ ತಂದು ಕೊರಳಿಗೆ ನೇತುಹಾಕಿ, ಗಿರಣಿಯ ಜಾಗದಲ್ಲಿ ನಡೆಯುವ ಫೋಟೋ ತರಗತಿಗೆ ಸೇರಿಸಿದಳು. ಈಗ ಅದನ್ನು ಗಿರಣಿ ಅನ್ನಬಾರದಂತೆ, ರಿವರ್ ಪಾರ್ಕ್ ಅನ್ನಬೇಕಂತೆ. ನೂಲಿನ ಗೋದಾಮಿಗೆ ಸುಣ್ಣ ಹೊಡೆದು ಸಭಾಂಗಣ ಮಾಡಿದ್ದಾರೆ. ಎಷ್ಟು ಸುಣ್ಣ ಹೊಡೆದರೂ ಎಣ್ಣೆಯ ವಾಸನೆ ಹೋಗಿಲ್ಲ, ನನಗೆ ಸಮಾಧಾನವಾಯಿತು. ಕಲಿಸುವಾಕೆ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಹೆಂಗಸು, ಮಾತು ಕಮ್ಮಿ, ಕಣ್ಣು ಚುರುಕು.

ಮೊದಲನೇ ವಾರ ನಲವತ್ತು ಫೋಟೋ ತೆಗೆದೆ. ಆಕೆ ಅವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಒಂದು ಹುಲ್ಲು, ಒಂದು ಸಿಮೆಂಟಿನ ಚೌಕ, ಒಂದು ಖಾಲಿ ಗೋಡೆ, ಮತ್ತೆ ಹುಲ್ಲು. ಇಡೀ ತರಗತಿ ಕಿಸಕ್ಕೆಂದಿತು.

"ಇದೇನು ಸಾರ್?" ಅಂದಳು.

ಬಾಯ್ಲರ್ ಅಂದೆ. ಎಲ್ಲಿದೆ ಅಂತ ಕೇಳಿದಳು. ಅಲ್ಲೇ ಇತ್ತಲ್ಲ ಅಂದೆ. ಖಾಲಿ ಗೋಡೆ ಹಾಜರಿ ಗಡಿಯಾರ, ಎರಡನೇ ಹುಲ್ಲು ಕ್ಯಾಂಟೀನು ಅಂತ ವಿವರಿಸಿದೆ. ಆಣೆ ಮಾಡಿ ಹೇಳುತ್ತೇನೆ, ತೆಗೆಯುವಾಗ ನನಗೆ ಎಲ್ಲವೂ ಕಾಣುತ್ತಿತ್ತು. ಆಕೆ ನಗಲಿಲ್ಲ.

"ಎಲ್ಲರೂ ಇರೋದನ್ನ ತೆಗೀತಾರೆ, ನೀವು ಇದ್ದದ್ದನ್ನ ತೆಗೆದಿದ್ದೀರಿ. ಪಾಪ, ಕ್ಯಾಮೆರಾಕ್ಕೆ ಅಷ್ಟು ವಯಸ್ಸಾಗಿಲ್ಲ ಸಾರ್."

ಆಮೇಲೆ ಇನ್ನೊಂದು ಮಾತು ಕೇಳಿದಳು. ದೂರದೂರದಿಂದ ಜನ ಬರುವುದೇ ಇಲ್ಲಿನ ಮೂರು ಜಲಪಾತ ನೋಡಲು, ನಿಮ್ಮ ನಲವತ್ತರಲ್ಲಿ ಒಂದೂ ಇಲ್ಲವಲ್ಲ ಅಂತ. ನೋಡಿದರೆ ಹೌದು, ಎಲ್ಲಾ ಫೋಟೋದಲ್ಲೂ ಜಲಪಾತಕ್ಕೆ ಬೆನ್ನು ಹಾಕಿ ನಿಂತಿದ್ದೆ.

ಅವರಿಗೆಲ್ಲ ಹೇಗೆ ಹೇಳುವುದು, ಹೇಳು. ಗಿರಣಿ ನಡೆಯುವಾಗ ನೀರೆಲ್ಲ ಕಾಲುವೆಗೆ ಹೋಗಿ ಯಂತ್ರ ತಿರುಗಿಸುತ್ತಿತ್ತು, ಬಂಡೆಗಳ ಮೇಲೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಶನಿವಾರ ಸಂಜೆ ನೀನು ಕಟ್ಟೆಯ ಮೇಲಿನ ಚಕ್ರವನ್ನು ಮೂವತ್ತೆಂಟು ಸುತ್ತು ತಿರುಗಿಸಿ ಗೇಟು ಎತ್ತಿದರೆ ಮಾತ್ರ ಜಲಪಾತ. ಭಾನುವಾರ ಪೂರ್ತಿ ಬಿದ್ದು, ಸೋಮವಾರ ಮೊದಲ ಪಾಳಿಗೆ ಮುಂಚೆ ನಿಂತುಬಿಡುತ್ತಿತ್ತು. ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟುಕೊಂಡು ನಿನ್ನ ಅತ್ತಿಗೆ, ನಿಮ್ಮ ನೀರುಗಂಟಿಗೆ ಇವತ್ತು ಕೈ ಬಿಗಿ, ನೀರು ಸಣ್ಣಗಿದೆ ಅಂತ ಛೇಡಿಸುತ್ತಿದ್ದಳಲ್ಲ. ಭಾನುವಾರ ಬಿಟ್ಟು ಬೇರೆ ದಿನ ಆ ಸದ್ದು ಕೇಳಿದರೆ ನಮ್ಮ ಎದೆ ಧಸಕ್ ಅನ್ನುತ್ತಿತ್ತು. ಯಂತ್ರ ಕೆಟ್ಟಿತೋ, ಯಾರ ಕೈ ಸಿಕ್ಕಿಕೊಂಡಿತೋ ಅಂತ.

ಗಿರಣಿ ಮುಚ್ಚಿದ ಆ ಬುಧವಾರವೂ ಹಾಗೇ ಕೇಳಿತು. ನಾವೆಲ್ಲ ಹೊರಗೆ ಓಡಿ ಬಂದಾಗ ನೀನು ಚಕ್ರದ ಹತ್ತಿರ ಒಬ್ಬನೇ ನಿಂತಿದ್ದೆ. ಇನ್ನೂರು ಜನರ ಎದುರಿಗೆ ನಾನು ಕೂಗಿದ್ದು ನಿನಗೂ ನೆನಪಿದೆ, ನನಗೂ ನೆನಪಿದೆ.

"ನಮ್ಮೆಲ್ಲರ ಅನ್ನದ ಮೇಲೆ ನೀರು ಬಿಟ್ಟವನು ನೀನೇ."

ನೀನು ಜೇಬಿನ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದೆ. ಆಮೇಲೆ ಸೇತುವೆ ದಾಟಿ ಹೋದೆ. ಹತ್ತೊಂಬತ್ತು ವರ್ಷವಾಯಿತು. ಗೇಟು ಎತ್ತಿದ್ದು ಎತ್ತಿದ ಹಾಗೇ ಇದೆ, ನೀರು ಬೀಳುತ್ತಲೇ ಇದೆ.

ಸರಿ, ಟು ಕಟ್ ದಿ ಸ್ಟೋರಿ ಶಾರ್ಟ್. ಮಾರನೇ ವಾರ ಹಟ ಹಿಡಿದು ಜಲಪಾತದ ಎದುರಿಗೇ ಹೋದೆ. ನಡುವಿನದು, ನಿನ್ನ ಚಕ್ರದ ಕೆಳಗಿನದು. ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಅಂತ ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು ನಡೆದವನು ಪಾಚಿಯ ಮೇಲೆ ಕಾಲಿಟ್ಟು, ಸೊಂಟದವರೆಗೆ ನೀರಿನಲ್ಲಿ ಕೂತುಬಿಟ್ಟೆ. ಎರಡೂ ಕೈಯಲ್ಲಿ ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದೆ. ಬಂಡೆಯ ಮೇಲಿದ್ದ ಒಂದು ಸಂಸಾರ ಗಾಬರಿಯಾಗಿ ಎದ್ದು ನಿಂತಿತು. ಅಷ್ಟರಲ್ಲಿ ನನಗೆ ನಗು ಬಂತು ನೋಡು. ತಡೆಯಲು ಹೋದಷ್ಟೂ ಬಂತು. ನಿನ್ನ ಅತ್ತಿಗೆ ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ಮುಖಕ್ಕೆ ತಣ್ಣಗೆ ನೀರು ರಾಚುತ್ತಿತ್ತು, ಮಂಗಳವಾರ, ನಡುಹಗಲು, ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅಲ್ಲಯ್ಯಾ, ಇಷ್ಟು ವರ್ಷದಿಂದ ಇಲ್ಲಿ ದಿನಾ ಭಾನುವಾರ, ನಾನೊಬ್ಬನೇ ಮುಖ ಗಂಟಿಕ್ಕಿಕೊಂಡು ಬುಧವಾರದಲ್ಲೇ ಇದ್ದೇನಲ್ಲ ಅನ್ನಿಸಿತು.

ಕೂತಲ್ಲಿಂದಲೇ ಒಂದು ಫೋಟೋ ತೆಗೆದೆ. ಮುಂದುಗಡೆ ನೀರಿನ ಹನಿ, ಹಿಂದೆ ಅರ್ಧ ಮುರಿದ ಚಿಮಣಿ, ಅದರ ನೆತ್ತಿಯಲ್ಲಿ ಒಂದು ಗಿಡ, ಎಡಗಡೆ ನಿನ್ನ ಚಕ್ರ. ಸ್ಟುಡಿಯೋದಾಕೆ ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತಳು. ಈಗ ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿದ್ದಾಳೆ, ಭಾನುವಾರ ಗೋದಾಮಿನಲ್ಲಿ ಪ್ರದರ್ಶನ. ಬಂದವರೆಲ್ಲ ಚಕ್ರದ ವಿಷಯ ಕೇಳುತ್ತಾರೆ, ನೀವು ಪಕ್ಕದಲ್ಲಿ ನಿಂತು ವಿವರಿಸಿ ಅಂದಳು. ನನಗೇನು ಗೊತ್ತು, ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ? ನಾನು ಮೇಜಿನ ಮನುಷ್ಯ. ಗೊತ್ತಿರುವವನು ಒಬ್ಬನೇ, ಆಚೆ ದಡದಲ್ಲಿದ್ದಾನೆ, ಅವನನ್ನು ಕರೆಯುವ ಮುಖ ನನಗಿಲ್ಲ ಅಂದೆ. ಮುಖ ಇಲ್ಲದಿದ್ದರೆ ಕಾಗದ ಬರೆಯಿರಿ ಅಂದಳು.

ಇನ್ನೊಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಈ ಕ್ಯಾಮೆರಾ ದೂರದ್ದನ್ನು ಹತ್ತಿರ ಎಳೆಯುತ್ತದೆ. ಕಟ್ಟೆಯ ಮೇಲೆ ನಿಂತು ನಿನ್ನ ಹಿತ್ತಲನ್ನು ಎಳೆದು ನೋಡಿದೆ. ಅಂಗಿ ಒಣಹಾಕುತ್ತಿದ್ದೆ. ಮೀಸೆ ಎಲ್ಲಿ ಮಾರಾಯ? ಸೊರಗಿದ್ದೀಯ. ನಿನ್ನ ಹೆಂಡತಿ ನನ್ನ ಕಡೆಗೇ ಕೈ ತೋರಿಸಿ ಏನೋ ಅಂದಳು, ನಾನು ಹೆದರಿ ಕೂತುಬಿಟ್ಟೆ. ಆ ಫೋಟೋ ಯಾರಿಗೂ ತೋರಿಸಿಲ್ಲ, ದಿನಾ ಒಂದು ಸಲ ನೋಡುತ್ತೇನೆ.

ಅವತ್ತು ನಾನು ಕೂಗಿದ್ದು ತಪ್ಪು. ಮೇಲಿನವರು ಗೇಟು ಎತ್ತು ಅಂದರು, ಎತ್ತಿದೆ, ಅದು ನಿನ್ನ ಕೆಲಸ. ಭಾನುವಾರ ಬಾ. ಇಬ್ಬರನ್ನೂ ಕರೆಯುತ್ತಿದ್ದೇನೆ, ಅವಳನ್ನೂ ಕರೆದುಕೊಂಡು ಬಾ. ಕುರ್ಚಿ ಹಾಕಿಸಿರುತ್ತೇನೆ, ಚಹಾ ಇರುತ್ತದೆ. ಬೈಯುವುದಿದ್ದರೂ ಬಂದೇ ಬೈ, ಸಭಾಂಗಣ ದೊಡ್ಡದಿದೆ, ಚೆನ್ನಾಗಿ ಕೇಳಿಸುತ್ತದೆ.

ನೀವೆಲ್ಲ ಗಿರಣಿಯಲ್ಲಿ ಹೆಸರಿಟ್ಟು ಕರೆಯುತ್ತಿದ್ದ,
ಅರ್ಧ ಬಿ.ಎ.

ತಾ.ಕ.: ಕವರು ಅಂಟಿಸಿ ಆಗಿತ್ತು, ಮತ್ತೆ ಬಿಡಿಸಿದೆ. ಬುಧವಾರ ಬೆಳಗ್ಗೆ ಎಂಟಕ್ಕೆ ಗೇಟು ತೆರೆಯತಕ್ಕದ್ದು ಎಂಬ ಆ ಆಜ್ಞೆಯನ್ನು ಸೋಮವಾರವೇ ಟೈಪು ಮಾಡಿದವನು ನಾನು. ಬಾಯಿ ಬಿಡಬೇಡ ಅಂದರು, ಎರಡು ದಿನ ಬಿಡಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅದಕ್ಕೇ. ನಿನ್ನ ಅತ್ತಿಗೆಗೂ ಇದನ್ನು ಹೇಳಿದ್ದು ಅವಳ ಕೊನೆಯ ತಿಂಗಳಲ್ಲಿ. ನನಗ್ಯಾಕೆ ಹೇಳ್ತೀರಿ, ಅವನಿಗೆ ಹೇಳಿ ಅಂದಳು. ಕಚೇರಿಯ ಕಾಗದದ ಕೆಳಮೂಲೆಯಲ್ಲಿ ಟೈಪು ಮಾಡಿದವನ ಹೆಸರಿನ ಮೊದಲಕ್ಷರ ಇರುತ್ತದೆ ಅಂತ ನಿನಗೆ ಗೊತ್ತಿತ್ತು. ಅವತ್ತು ಆ ಕಾಗದ ನಿನ್ನ ಜೇಬಿನಲ್ಲೇ ಇತ್ತು, ಆದರೂ ನೀನು ತೆಗೆದು ತೋರಿಸಲಿಲ್ಲ. ಇನ್ನೂ ಇಟ್ಟುಕೊಂಡಿದ್ದರೆ ಭಾನುವಾರ ತಾ. ಫೋಟೋದ ಪಕ್ಕದಲ್ಲೇ ಅಂಟಿಸೋಣ, ಕೆಳಗಿನ ಅಕ್ಷರ ಎಲ್ಲರಿಗೂ ಕಾಣುವ ಎತ್ತರಕ್ಕೆ.