ಬಾಗಿಲಿನ ಒಳಮೈ

ಫೆಬ್ರವರಿ ೩, ಸಂಜೆ

ನರ್ಸುಗಳ ಕೋಟು ನಲವತ್ತು ಇವತ್ತೇ ಅಂಗಡಿಯಿಂದ ಹೋದವು. ಮೂರರ ಕಾಲರು ಸೊಟ್ಟ ಬಂದಿತ್ತು. ಬಿಚ್ಚಿಸಿ ಮತ್ತೆ ಹೊಲಿಸಿದೆ. ಹೊಲಿಯುವವಳು ಮುಖ ಗಂಟು ಹಾಕಿದಳು. "ಮೊದಲು ಕಾಲರು ನೇರ ಮಾಡು, ಮುಖ ಆಮೇಲೆ ನೋಡ್ಕೊಳ್ಳೋಣ" ಎಂದೆ. ಉಳಿದವರು ನಕ್ಕರು. ಕೆಲಸ ಆಯಿತು.

ನರ್ಸಿಂಗ್ ಕಾಲೇಜಿನಿಂದ ಕಾಗದ. ಮೊಮ್ಮಗಳು ಹತ್ತು ತಿಂಗಳಿಂದ ತರಗತಿಗೇ ಬಂದಿಲ್ಲವಂತೆ. ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಾಳೆ. ನಾನು ಹೊಲಿದ ಬಿಳಿ ಯೂನಿಫಾರಂ ಹಾಕಿಕೊಂಡು.

ಸೊಸೆಗೆ ಗೊತ್ತಿತ್ತು. ಕಾಗದ ನೋಡಿ ಒಲೆಯ ಕಡೆ ತಿರುಗಿದಳು. ಅಷ್ಟು ಸಾಕು.

ಫೆಬ್ರವರಿ ೪

ಮೊಮ್ಮಗಳನ್ನು ಕೂರಿಸಿ ಕೇಳಿದೆ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ ಹೋಗ್ತಿದ್ದೆ?"

"ಶವಾಗಾರಕ್ಕೆ."

ಮಾರ್ಕೆಟ್ಟಿಗೆ ಎನ್ನುವ ಹಾಗೆ ಹೇಳಿದಳು. ಪೊಲೀಸರಿಗೆ ಫೋಟೋ ತೆಗೆದುಕೊಡುವ ಮುದುಕರೊಬ್ಬರಿದ್ದಾರಂತೆ. ಅಪಘಾತ, ನೇಣು, ಗುರುತು ಸಿಗದ ಹೆಣ. ಅವರ ಚೀಲ ಹೊತ್ತು ಹಿಂದೆ ಹೋಗುತ್ತಾಳೆ. ಅವರು ಕಲಿಸುತ್ತಾರೆ.

"ಪೇಪರಿಗೆ ಫೋಟೋ ತೆಗೆಯೋಳಾಗ್ಬೇಕು ಅಜ್ಜಿ. ಅದನ್ನ ಕಲಿಸೋ ಕಾಲೇಜಿಗೆ ನೀವು ದುಡ್ಡು ಕೊಡ್ತಿರಲಿಲ್ಲ."

"ಕೊಡ್ತಿರಲಿಲ್ಲ. ಹೆಣದ ಹತ್ರ ಏನು ಕಲೀತೀಯ?"

"ಅಲುಗಾಡದೆ ನಿಲ್ಲೋದು."

"ಅಷ್ಟಕ್ಕೆ ಅಲ್ಲಿವರೆಗೂ ಹೋಗ್ಬೇಕಿತ್ತಾ? ನಾನೇ ಕಲಿಸ್ತಿದ್ದೆ."

"ನಿಮ್ಮ ಮುಂದೆ ಎಲ್ಲರೂ ಅಲುಗಾಡದೆ ನಿಲ್ತಾರೆ. ಅದು ಭಯ."

ಸೊಸೆ "ಏ" ಎಂದಳು. ನಾನು ಎದ್ದು ಅಂಗಡಿಗೆ ಬಂದೆ. ಮನೆ ಬಿಡು ಎನ್ನಲಿಲ್ಲ. ಮಾತು ಬಿಟ್ಟೆ.

ಫೆಬ್ರವರಿ ೨೧, ಮಧ್ಯಾಹ್ನ

ಆ ಮುದುಕರು ಅಂಗಡಿಗೇ ಬಂದರು. ಕಡ್ಡಿಯಂಥ ಮೈ, ಕೋಟಿನ ಜೇಬು ಹರಿದು ಜೋತಾಡುತ್ತಿತ್ತು. ಮೊದಲು ಜೇಬು ಹೊಲಿಸಿಕೊಟ್ಟೆ, ಆಮೇಲೆ ಬಂದ ವಿಷಯ ಕೇಳಿದೆ. ಹರಿದ ಜೇಬಿನವರ ಜೊತೆ ಜಗಳ ಮಾಡಲಾರೆ.

"ಅಮ್ಮಾವ್ರೆ, ಇವಳಿಗಿಂತ ಮುಂಚೆ ಮೂರು ಹುಡುಗ್ರು ಬಂದಿದ್ರು. ಮೂರೂ ಜನ ಮೊದಲ ದಿನ ವಾಂತಿ ಮಾಡ್ಕೊಂಡು ಓಡಿದ್ರು."

"ಇವಳು?"

"ಇವಳೂ ವಾಂತಿ ಮಾಡ್ಕೊಂಡಳು. ಓಡಲಿಲ್ಲ."

ಅವರ ಕೆಲಸಕ್ಕೂ ಒಂದು ಕಟ್ಟಳೆ ಇದೆಯಂತೆ. ಬಾಗಿಲಿಂದ ಶುರು ಮಾಡಬೇಕು, ಹೊರಮೈ ಒಳಮೈ ಎರಡೂ. ಆಮೇಲೆ ಕೋಣೆ. ಹೆಣ ಕಟ್ಟಕಡೆಗೆ. "ಹೆಣ ಎಲ್ಲಿಗೂ ಹೋಗಲ್ಲ. ಬಾಗಿಲನ್ನ ಮಾತ್ರ ಯಾರಾದ್ರೂ ಮುಟ್ಟೇ ಮುಟ್ತಾರೆ. ನನಗೆ ವಯಸ್ಸಾಯ್ತು, ಈಗೀಗ ನೇರ ಹೆಣದ ಹತ್ರಾನೇ ಹೋಗ್ತೀನಿ. ಅವಳು ಬಿಡಲ್ಲ. ಒಬ್ಬಳೇ ವಾಪಸ್ ಹೋಗಿ ಬಾಗಿಲಿನ ಫೋಟೋ ತೆಗೆದುಕೊಂಡು ಬರ್ತಾಳೆ."

ಕಟ್ಟಳೆ ಇರುವ ಕೆಲಸ ಕೆಟ್ಟ ಕೆಲಸವಲ್ಲ. ಹಾಗೆಂದು ಅವರಿಗೆ ಹೇಳಲಿಲ್ಲ.

ಮಾರ್ಚ್ ೧೨

ಮಾತು ಶುರು ಮಾಡಿದೆ. "ಊಟ ಆರುತ್ತೆ" ಎಂದೆ. ಅಷ್ಟಕ್ಕೇ ಸೊಸೆ ಕಣ್ಣೊರೆಸಿಕೊಂಡಳು. ಅವಳ ಕಣ್ಣಿಗೆ ನೆಪ ಸಾಕು.

ಪತ್ರಿಕೆಯೊಂದು ಫೋಟೋ ಕೆಲಸಕ್ಕೆ ಒಬ್ಬರನ್ನು ತೆಗೆದುಕೊಳ್ಳುತ್ತದಂತೆ. ಡಿಗ್ರಿ ಕೇಳುವುದಿಲ್ಲ. ಹತ್ತು ಫೋಟೋ ಕೇಳುತ್ತದೆ, ಏಪ್ರಿಲ್ ಕೊನೆಯೊಳಗೆ. ಒಂಬತ್ತು ಆಗಿವೆ. ಚಾಪೆಯ ಮೇಲೆ ಹರಡಿ ತೋರಿಸಿದಳು. ಒಂದರಲ್ಲಿ ರಸ್ತೆ ಮಧ್ಯೆ ಒಂಟಿ ಚಪ್ಪಲಿ, ಸುತ್ತ ಸೀಮೆಸುಣ್ಣದ ಗೆರೆ. ಬಹಳ ಹೊತ್ತು ನೋಡಿದೆ.

"ಹೇಗಿದೆ?"

"ಗೆರೆ ಸೊಟ್ಟ ಇದೆ."

ನಕ್ಕಳು. ಒಂದು ತಿಂಗಳ ಮೇಲೆ.

ಏಪ್ರಿಲ್ ೨

ಅಂಗಡಿಯ ಮಹಡಿಗೆ ಬೆಂಕಿ. ಗುಂಡಿ ಕಾಜಾ ಹೊಲಿಯುವವಳು ಹೋದಳು.

ಏಪ್ರಿಲ್ ೫, ಬೆಳಗ್ಗೆ ೧೦

ಇವತ್ತು ಬರೆಯಬಲ್ಲೆ.

ಹೊಲಿಗೆ ಕೋಣೆ ಅಂಗಡಿಯ ಮೇಲೆ. ಕಿಟಕಿಗಳಿಗೆ ಸರಳು. ಇಳಿಯಲು ಒಂದೇ ಮೆಟ್ಟಿಲು, ಕೆಳಗೆ ಒಂದೇ ಬಾಗಿಲು, ಅದು ನನ್ನ ಮೇಜಿನ ಹಿಂದೆ. ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟು ಬಟ್ಟೆಯ ರಾಶಿಗೆ ಹತ್ತಿಕೊಂಡಿತು. ಏಳು ಜನ ಇದ್ದರು. ಆರು ಜನ ಇಳಿದು ಬಂದರು. ಕಾಜಾದವಳು ಮೆಟ್ಟಿಲ ಮೇಲೆಯೇ ಉಳಿದಳು. ಮಂಡಿ ನೋವಿನವಳು. ಹೊಗೆ ಕುಡಿದಿದ್ದಳು. ಇಪ್ಪತ್ತಾರು ವರ್ಷ ನನ್ನಲ್ಲಿ ಗುಂಡಿ ತೂತಿಗೆ ಅಂಚು ಹೊಲಿದವಳು. ಅವಳು ಹೊಲಿದ ಕಾಜಾ ಒಂದೂ ಬಿಚ್ಚಿಕೊಂಡದ್ದಿಲ್ಲ.

ಪೊಲೀಸರು ಬಂದರು. ಹಿಂದೆಯೇ ಫೋಟೋದ ಮುದುಕರು, ಚೀಲ ಹೊತ್ತು ಮೊಮ್ಮಗಳು. ಅವರು ನೇರ ಹೆಣದ ಹತ್ತಿರ ಹೋದರು. ಅವಳು ಬಾಗಿಲ ಹತ್ತಿರ ನಿಂತಳು. ಹೊರಮೈ. ಆಮೇಲೆ ಒಳಮೈ. ನನ್ನ ಮುಖ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಕೇಳಿದರು, "ಬಾಗಿಲಿಗೆ ಬೀಗ ಇತ್ತಾ?"

"ಇಲ್ಲ. ಬರೀ ಮುಂದೆ ಎಳೆದಿತ್ತು."

ಆರು ಜನರನ್ನೂ ಕೇಳಿದರು. ಆರು ಜನರೂ ನನ್ನನ್ನು ನೋಡಿದರು. ಹೂಂ ಎಂದರು.

ಬೀಗ ಇತ್ತು. ದಿನಾ ಇರುತ್ತದೆ. ಬೆಳಗ್ಗೆ ಎಂಟೂವರೆಗೆ ಹಾಕುತ್ತೇನೆ, ಊಟಕ್ಕೆ ತೆಗೆಯುತ್ತೇನೆ, ಊಟ ಆದಮೇಲೆ ಮತ್ತೆ ಹಾಕುತ್ತೇನೆ. ಇಲ್ಲದಿದ್ದರೆ ಗಳಿಗೆಗೊಬ್ಬರು ಇಳಿದು ಗಿರಾಕಿಯ ಜೊತೆ ಹರಟೆಗೆ ನಿಲ್ಲುತ್ತಾರೆ.

ಏಪ್ರಿಲ್ ೬

ಬಡಗಿಯನ್ನು ಕರೆಸಿದೆ. ಹೊಸ ಬಾಗಿಲು. ಹಳೆಯದನ್ನು ಸೀಳಿಸಿ, ಹಿತ್ತಲಲ್ಲಿ ನಾನೇ ನಿಂತು ಸುಡಿಸಿದೆ. ಮಸಿ ಹಿಡಿದ ಬಾಗಿಲು ಯಾರಿಗೆ ಬೇಕು, ಎಂದೆ. ಬಡಗಿ ಏನೂ ಕೇಳಿರಲಿಲ್ಲ.

ಏಪ್ರಿಲ್ ೧೪, ಮಧ್ಯಾಹ್ನ

ಮೊಮ್ಮಗಳು ಒಂದು ಫೋಟೋ ತಂದು ಮೇಜಿನ ಮೇಲಿಟ್ಟಳು. ಹಳೆಯ ಬಾಗಿಲಿನ ಒಳಮೈ. ಮಸಿಯಲ್ಲಿ ಅಂಗೈ ಗುರುತು. ಎಷ್ಟೋ. ಅದರ ನಡುವೆ ಮರ ಎದ್ದುಹೋದ ಬಿಳಿ ತೂತುಗಳು, ಒತ್ತೊತ್ತಾಗಿ, ಎದೆಯ ಎತ್ತರಕ್ಕೆ.

"ಕತ್ತರಿಯ ಹಿಡಿಯಿಂದ ಬಡಿದಿದ್ದು" ಎಂದಳು. "ಬರೀ ಮುಂದೆ ಎಳೆದ ಬಾಗಿಲನ್ನ ಯಾರೂ ಹೀಗೆ ಬಡಿಯಲ್ಲ ಅಜ್ಜಿ."

"ಇದು ಹತ್ತನೇದಾ?"

"ಹೂಂ."

"ನನ್ನ ಒಪ್ಪಿಗೆ ಕೇಳೋಕೆ ಬಂದೆಯಾ?"

"ಇಲ್ಲ. ಹೇಳೋಕೆ ಬಂದೆ. ಪೇಪರಿನವರು ಕೆಲಸ ಕೊಡ್ತಾರೆ, ಫೋಟೋನೂ ಹಾಕ್ತಾರೆ. ಹಾಕೋ ಮುಂಚೆ ಅಂಗಡಿಯವರ ಮಾತು ಕೇಳ್ಬೇಕಂತೆ. ಆ ಮಾತಿಗೆ ಹತ್ತೊಂಬತ್ತು ಕೊನೆ ದಿನ."

ಹಿಂದೆ ಮುಂದೆ ನೋಡದೆ ಹೇಳಿದೆ. "ಫೋಟೋ ಕಲಿಸೋ ಕಾಲೇಜು ಯಾವುದು? ಎಷ್ಟಾದರೂ ಆಗ್ಲಿ, ಕಳಿಸ್ತೀನಿ. ಇದನ್ನ ಹರಿದು ಹಾಕು."

ಅವಳು ಅಳಲಿಲ್ಲ, ಕೂಗಲಿಲ್ಲ. ನನ್ನ ಹಾಗೆಯೇ ನಿಂತಿದ್ದಳು, ಗದ್ದ ಮೇಲೆತ್ತಿ.

"ಎರಡು ವರ್ಷದ ಹಿಂದೆ ಈ ಮಾತು ಹೇಳಿದ್ರೆ ನಿಮ್ಮ ಕಾಲಿಗೆ ಬೀಳ್ತಿದ್ದೆ" ಎಂದಳು. ಫೋಟೋ ಅಲ್ಲೇ ಬಿಟ್ಟು ಹೋದಳು. ಅವಳ ಹತ್ತಿರ ಇನ್ನೊಂದು ಪ್ರತಿ ಇರುತ್ತದೆ. ನಾನು ಬೆಳೆಸಿದವಳು.

ಏಪ್ರಿಲ್ ೧೬

ಸೊಸೆ ಮೊದಲ ಸಲ ಎದುರು ಮಾತಾಡಿದಳು. "ಅತ್ತೆ, ನೀವು ಹೇಳಿದ್ರೆ ಅವಳಿಗೆ ಸಮಾಧಾನ. ನೀವು ಹೇಳದಿದ್ರೂ ಅವಳು ಕೊಡ್ತಾಳೆ. ಕೊಟ್ಟು ಸಾಯೋವರೆಗೂ ಕೊರಗ್ತಾಳೆ."

"ನನ್ನ ಮರ್ಯಾದೆ?"

"ಅದನ್ನ ನೀವೇ ಯೋಚನೆ ಮಾಡಿ" ಎಂದು ಪಾತ್ರೆ ತೊಳೆಯಲು ಕೂತಳು.

ಏಪ್ರಿಲ್ ೧೭, ಬೆಳಗ್ಗೆ ೯

ಕಾಜಾದವಳ ತಂಗಿ ಬಂದಿದ್ದಳು. ಕಾಲರು ಹೊಲಿಯುವವಳು. ಅವತ್ತು ಇವಳೂ ಮೇಲಿದ್ದಳು. ಬಲಗೈಗೆ ಇನ್ನೂ ಪಟ್ಟಿ. ಕೂರು ಎಂದರೂ ಕೂರಲಿಲ್ಲ.

"ಅಮ್ಮಾವ್ರೆ, ಮತ್ತೆ ಪೊಲೀಸ್ನೋರು ಕರೆಸಿದ್ರು. ಬೀಗ ಇರಲಿಲ್ಲ ಅಂತಾನೇ ಹೇಳಿದೀನಿ. ಯಾರೂ ಬಡೀಲಿಲ್ಲ ಅಂತಾನೂ ಹೇಳಿದೀನಿ."

ನಾನು ಕುರ್ಚಿ ಮತ್ತೆ ಮುಂದೆ ತಳ್ಳಿದೆ.

"ಹೊಸ ಮೆಷಿನ್ ಬಂದ್ಮೇಲೆ ನನ್ನ ಕರೀತೀರಲ್ವಾ? ಕೈ ಇನ್ನೊಂದು ತಿಂಗಳಲ್ಲಿ ಸರಿಹೋಗುತ್ತೆ. ಅಕ್ಕನ ಕಾಜಾ ಕೆಲಸಾನೂ ನಾನೇ ಮಾಡ್ತೀನಿ."

ಕರೆಯುತ್ತೇನೆ ಎಂದೆ. ಕೈ ಮುಗಿದಳು. ಒಂದು ಕೈ ಪಟ್ಟಿಯೊಳಗಿತ್ತು, ಅದಕ್ಕೇ ಇನ್ನೊಂದನ್ನು ಜೋಡಿಸಿದಳು. ಅಕ್ಕನನ್ನು ಕೊಂದವಳಿಗೆ.

ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

ಏಪ್ರಿಲ್ ೧೮

ಮೊಮ್ಮಗಳನ್ನು ಕರೆದೆ. "ನಾಳೆ ಬೆಳಗ್ಗೆ ಪೆನ್ನು ತಗೊಂಡು ಬಾ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗು."

"ಅಜ್ಜಿ—"

"ನನ್ನ ಹೆಸರು ಪೂರ್ತಿ ಹಾಕು."

ಅವಳು ನನ್ನ ಮೊಣಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ಏಪ್ರಿಲ್ ೧೯, ಬೆಳಗ್ಗೆ ೬

ಅವಳು ಏಳುವ ಮುಂಚೆ ಒಂದು ಸಲ ಬರೆದು ನೋಡುತ್ತೇನೆ. ಹೇಳುವಾಗ ತಡವರಿಸಬಾರದು.

ಬೀಗ ಹಾಕಿದವಳು ನಾನು. ಹದಿನೆಂಟು ವರ್ಷದಿಂದ ಹಾಕುತ್ತಿದ್ದೆ. ಅವತ್ತು ಮೂರು ಗಂಟೆಯ ಹೊತ್ತಿಗೆ ಫ್ಯಾನು ನಿಂತಿತು. ಮೇಲೆ ಮೆಷಿನ್ನುಗಳೂ ನಿಂತವು. ಕರೆಂಟು ಹೋಯಿತು ಎಂದುಕೊಂಡೆ. ಕರೆಂಟು ಹೋದಾಗಲೆಲ್ಲ ಹೆಂಗಸರು ಬಾಗಿಲು ಬಡಿಯುವುದಿದೆ, ಕೆಳಗೆ ಗಾಳಿಗೆ ಬಿಡಿ ಎಂದು. ನಾನು ಬಿಡುವುದಿಲ್ಲ. ಸ್ವಲ್ಪ ಬಡಿದು ಸುಮ್ಮನಾಗುತ್ತಾರೆ. ಅವತ್ತೂ ಬಡಿದರು. ಸುಮ್ಮನಾಗಲಿಲ್ಲ. ಗಿರಾಕಿ ಒಬ್ಬಳ ಅಳತೆ ಹಿಡಿದಿದ್ದೆ. ಎದೆ ಮೂವತ್ತಾರು, ತೋಳು ಇಪ್ಪತ್ತೊಂದು. ಬಡಿತ ಜೋರಾಯಿತು. ಕತ್ತರಿಯ ಸದ್ದು ನನಗೆ ಗೊತ್ತಾಗುತ್ತದೆ. ಕಾಜಾದವಳು ನನ್ನನ್ನು ಕೂಗಿದಳು. ಅವಳ ದನಿ ಎಂದು ಗೊತ್ತಾಯಿತು. ಗಿರಾಕಿ, "ಮೇಲೆ ಯಾರೋ ಕರೀತಿದಾರೆ ನೋಡಿ" ಎಂದಳು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ನಾನು ಆ ಗಿರಾಕಿಗೆ "ಕರೆಂಟು ಹೋಗಿದೆ, ಅಷ್ಟೇ" ಎಂದು ಟೇಪು ಬಿಗಿದೆ. ಬಾಗಿಲ ಸಂದಿಯಿಂದ ಹೊಗೆ ಬಂದ ಮೇಲೆ ಬೀಗ ತೆಗೆದೆ.