ಆಪೂಸಿನ ಬಾಟಲಿ ಅಲ್ಲಾಡಿಸುವ ಮನೆ

ಧಾರವಾಡ, ಎರಡನೆಯ ಬೇಸಿಗೆಯ ನಲವತ್ತನೆಯ ದಿನ, ೨೧೬೪

ಸಂಗಮೇಶನಿಗೆ,

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿನಗೆ ನಗು ಬಂದೀತು. ನಗು, ನಮಗಂತೂ ಬರುವುದಿಲ್ಲ. ನೀನು ನನ್ನ ಮುತ್ತಜ್ಜನ ಅಪ್ಪ, ಮರ್ಯಾದೆ ಕೊಟ್ಟು ಮಾತನಾಡಿಸಬೇಕಾದವನು. ಆದರೆ ಈ ಕಾಗದ ಮುಟ್ಟುವಾಗ ನೀನಿನ್ನೂ ಮೀಸೆ ತೀಡುವ ಹುಡುಗ, ನಾನು ಎಪ್ಪತ್ತು ದಾಟಿದ ಮುದುಕಿ. ಅಲ್ಲದೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಮಾತು ಒರಟೆನಿಸಿದರೆ, ಪದಗಳು ವಿಚಿತ್ರವೆನಿಸಿದರೆ ಸಹಿಸಿಕೊ. ಕಾಲದ ಹಿಂದಕ್ಕೆ ಕಾಗದ ಒಯ್ಯುವ ವ್ಯವಸ್ಥೆಗೆ ನಾವು ಹಿಂದಂಚೆ ಎನ್ನುತ್ತೇವೆ. ಒಂದು ಮನೆಗೆ ಒಂದೇ ಕಾಗದ. ನಮ್ಮದು ಇದು.

ಇ-ಸಿಗರೇಟಿಗೆ ಹಾಕಿ ಸೇದಲು ಕದ್ದು ತರಿಸಿದ ವೇಪ್ ದ್ರವಕ್ಕೆ ಮಾವಿನ ಫ್ಲೇವರ್ ಬೆರೆಸಿ, ಗಾಜಿನ ಬಾಟಲಿಗೆ ತುಂಬಿ, ನಿನ್ನ ಅವ್ವ ಮಾವಿನಕಾಯಿ ಹಣ್ಣಿಗೆ ಹಾಕುವ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟಿದ್ದೀಯ. ಕಾಯಿ ಹಣ್ಣಾಗುವ ಕಡೆ ಇದೂ ಮಾಗುತ್ತದೆ ಎಂಬ ಜಾಣತನ! ಮೇಲೊಂದು ಚೀಟಿ: "ಆಪೂಸು. ಕತ್ತಲಲ್ಲಿರಲಿ. ದಿನಾ ಅಲ್ಲಾಡಿಸು." ಮುಂದೆ ನೀನು ಚಟ ಬಿಡುತ್ತೀಯ, ಮದುವೆಯಾಗುತ್ತೀಯ, ಬಾಟಲಿಯನ್ನು ಮರೆಯುತ್ತೀಯ. ಅದು ಏನೆಂದು ಯಾರಿಗೂ ಹೇಳುವುದಿಲ್ಲ.

ನಾವು ಮರೆಯಲಿಲ್ಲ. ನಮ್ಮ ಕಾಲದಲ್ಲಿ ಮಾವಿನ ಮರವಿಲ್ಲ. ಎರಡು ಹೊತ್ತೂ ಪುಡಿಗೂಳು, ಅಂದರೆ ಬಿಸಿನೀರಿಗೆ ಕಲಸುವ ಸರ್ಕಾರಿ ಹಿಟ್ಟು. ಪ್ರತಿ ಮನೆಯ ಗೋಡೆಯಲ್ಲೂ ಬಾಗಿಲಿರುವ ಒಂದು ಘಮಗೂಡು ಇರುತ್ತದೆ, ಹಳೆಯ ವಾಸನೆಯ ವಸ್ತು ಇಡಲು. ಒಬ್ಬರ ಮನೆಯಲ್ಲಿ ಗಂಧದ ಚೂರು, ಇನ್ನೊಬ್ಬರಲ್ಲಿ ಕಾಫಿಪುಡಿಯ ಖಾಲಿ ಡಬ್ಬಿ. ನಮ್ಮಲ್ಲಿ ನಿನ್ನ ಬಾಟಲಿ. ಕೊನೆಯ ಆಪೂಸಿನ ರಸವೆಂದೇ ನಂಬಿದ್ದೆವು. ಮನೆಯ ಅತಿ ಕಿರಿಯರು ದಿನಾ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಅದನ್ನು ಅಲ್ಲಾಡಿಸಬೇಕು. ಹೆಸರಿಡುವ ದಿನ ಮುಚ್ಚಳ ಸಡಿಲಿಸಿ ಕೂಸಿನ ಮೂಗಿಗೆ ಹಿಡಿಯಬೇಕು. ಓಣಿಯವರೆಲ್ಲ ಮೂಸಲು ಬರುತ್ತಿದ್ದರು. "ನಮ್ಮ ಹಿರೇರು ಹಣ್ಣು ಉಳಿಸ್ಯಾರ" ಎಂದು ನನ್ನ ಅವ್ವ ಎದೆ ಉಬ್ಬಿಸುತ್ತಿದ್ದಳು.

ಈ ವರ್ಷ ಅಲ್ಲಾಡಿಸುವ ಪಾಳಿ ನನ್ನ ಮೊಮ್ಮಗಳು ಮಂದಾರಳದು. ಆರು ವರ್ಷದ ಹುಡುಗಿ, ಬಾಯಿ ಬಲು ಜೋರು. "ಅಜ್ಜಿ, ಬರೇ ಮೂಸೋದೇನು? ಒಮ್ಮೆರೆ ತಿನ್ನಬಾರದಾ?" ಎನ್ನುತ್ತಿದ್ದಳು. ಮೊನ್ನೆ ಯಾರೂ ನೋಡದಾಗ ಮುಚ್ಚಳ ತೆಗೆದು ಕುಡಿದಳು. "ಅಜ್ಜಿ, ಆಪೂಸು ಗಂಟಲಾಗ ಉರೀತೈತಿ" ಎಂದು ಓಡಿ ಬಂದು ನನ್ನ ಸೆರಗು ಹಿಡಿದವಳು ವಾಂತಿ ಮಾಡಿಕೊಂಡು ಕೆಳಗೆ ಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಡಾಕ್ಟರಮ್ಮ ಬಾಟಲಿ ಪರೀಕ್ಷಿಸಿ, ಇದು ನಿಕೋಟಿನ್, ವಾಸನೆಯೂ ಕಾರ್ಖಾನೆಯದು ಎಂದಳು. "ಇದ್ರಾಗ ಹಣ್ಣಿನ ಒಂದ್ ಹನಿನೂ ಇಲ್ಲ, ಅಜ್ಜಿ." ಉಳಿದದ್ದು ನಿನ್ನ ಹಳೆಯ ದಿನಚರಿ ಹುಡುಕಿ ಓದಿದಾಗ ತಿಳಿಯಿತು.

ನಿನ್ನೆ ಮಣ್ಣು ಕೊಟ್ಟು ಬಂದೆವು. ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ನನ್ನ ಮೈದುನ ಕೇಳಿದ: "ವೈನಿ, ನಾಳಿಂದ ಬಾಟ್ಲಿ ಅಲ್ಲಾಡ್ಸೋರು ಯಾರು?" ಅವನ ಬಾಯಿ ಸೇದಿಹೋಗಲಿ! ಆದರೆ ಅವನನ್ನು ಬೈದು ಏನು ಬಂತು? ನಮ್ಮನ್ನೆಲ್ಲ ಹಾಗೆ ಮಾಡಿಟ್ಟವನು ನೀನು.

ಈಗ ಎದ್ದು ಆ ಡಬ್ಬಿಗೆ ಕೈ ಹಾಕು. ಬಾಟಲಿಯನ್ನು ಮೋರಿಗೆ ಸುರಿಯಬೇಡ, ಕಸದ ಗುಂಡಿಗೂ ಎಸೆಯಬೇಡ. ವಿಷದ ಕಸ ಒಯ್ಯುವವರಿಗೆ, ಇದು ಇಂಥದ್ದು ಎಂದು ಬಾಯಿಬಿಟ್ಟು ಹೇಳಿ ಕೊಡು. ಆ ಅಕ್ಕಿಯನ್ನೂ ಯಾರಿಗೂ ಉಣಿಸಬೇಡ. ನಿನ್ನ ಅವ್ವ ಬೈದರೆ ಬೈಸಿಕೊ.

ನೀನು ಹಾಗೆ ಮಾಡಿದರೆ ಇಲ್ಲಿ ಆದದ್ದು ಆಗುವುದೇ ಇಲ್ಲ. ನಮ್ಮ ಗೂಡು ಖಾಲಿ ಉಳಿಯುತ್ತದೆ, ಓಣಿಯವರು ಯಾರೂ ನಮ್ಮ ಮನೆಗೆ ಬರುವುದಿಲ್ಲ. ಬರದಿರಲಿ. ಆಪೂಸು ಹೆಂಗಿತ್ತು ಅಜ್ಜಿ ಎಂದು ಮಂದಾರ ಕೇಳಿದರೆ, ನನಗೂ ಗೊತ್ತಿಲ್ಲ ಮಗಳೇ ಎನ್ನುತ್ತೇನೆ. ಅವಳು ಕೇಳಲಿ, ಅಷ್ಟು ಸಾಕು.

ಕಾಶವ್ವ